ರಿಯಾಲಿಗೆ ಇಪ್ಪತ್ಮೂರು ನಲವತ್ತು

ತನಗಿಂತ ಅಗ್ಗಕ್ಕೆ ಬೇರೆ ಯಾರೋ ಏನನ್ನೋ ಕೊಂಡರು ಅಂತ ಗೊತ್ತಾದರೆ ನವಲಗುಂದದ ಜುಲೇಖಾಬಿಗೆ ಆ ದಿನದ ಊಟ ಮೈಗೆ ಹತ್ತುತ್ತಿರಲಿಲ್ಲ. ಸಂತೆಯಿಂದ ಬದನೆಕಾಯಿ ತಂದರೆ ಮೊದಲು ಬಾಜು ಮನೆಯವರ ಚೀಲ ಇಣುಕಬೇಕು, ಎಷ್ಟಕ್ಕೆ ತಂದಿರಿ ಅಂತ ಕೇಳಬೇಕು, ಅವರು ಐದು ರೂಪಾಯಿ ಹೆಚ್ಚು ಕೊಟ್ಟಿದ್ದಾರೆ ಅಂತ ಖಾತ್ರಿಯಾದ ಮೇಲೆಯೇ ಒಲೆ ಹಚ್ಚಬೇಕು. ಹಾಗಂತ ಕೆಟ್ಟವಳೇನಲ್ಲ. ಯಾರದಾದರೂ ಕಷ್ಟಕ್ಕೆ ಮೊದಲು ಓಡುವವಳು ಅವಳೇ. ಓಡಿಹೋದದ್ದನ್ನು ಹತ್ತು ಮಂದಿಗೆ ಹೇಳುವವಳೂ ಅವಳೇ. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಜಮಖಾನಾ ನೇಯ್ದು ಹೊಟ್ಟೆ ಹೊರೆಯುತ್ತಿದ್ದಳು.

ಜಮಖಾನಾ ಒಬ್ಬರೇ ಕೂತು ನೇಯುವಂಥದ್ದಲ್ಲ. ಗೋಡೆಯ ಹಾಗೆ ನೆಟ್ಟಗೆ ನಿಂತ ಮಗ್ಗದ ಮುಂದೆ ಇಬ್ಬರು ಜೋಡಿಯಾಗಿ ಕೂಡಬೇಕು. ಜುಲೇಖಾಬಿಯ ಬಲಕ್ಕೆ ಮೂವತ್ತೊಂದು ವರ್ಷದಿಂದ ಕೂತವಳು ಜಮೀಲಾಬಿ, ಎರಡು ಓಣಿ ಆಚೆಯವಳು. ಇವಳು ಎಷ್ಟು ಮಾತೋ ಅವಳು ಅಷ್ಟು ಮೌನ. ನೂಲಿನ ದರ, ಜಮಖಾನಾದ ದರ, ಮಗಳ ಮದುವೆಗೆ ಅಕ್ಕಿ ಎಲ್ಲಿ ತರಬೇಕು ಅನ್ನುವುದು, ಎಲ್ಲವನ್ನೂ ಜುಲೇಖಾ ಹೇಳಬೇಕು, ಜಮೀಲಾ ತಲೆಯಾಡಿಸಬೇಕು. ಹಾಗೆ ತಲೆಯಾಡಿಸಿ ಅವಳಿಗೆ ನಷ್ಟವಾದದ್ದಿಲ್ಲ, ಅದನ್ನೂ ಹೇಳಬೇಕು. ಆದರೆ ಮಡಚಿ ಕೂತೂ ಕೂತೂ ಅವಳ ಮೊಣಕಾಲೆರಡೂ ಹೋಗಿಬಿಟ್ಟಿದ್ದವು. ಗೋಡೆ ಹಿಡಿಯದೆ ಏಳಲಿಕ್ಕೆ ಬರುತ್ತಿರಲಿಲ್ಲ, ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಗಿತ್ತು.

ಇಂಥ ಕಾಲು ಇಟ್ಟುಕೊಂಡು ಜಮೀಲಾಬಿಗೆ ಒಂದೇ ಒಂದು ಆಸೆ: ಒಮ್ಮೆ ಮಕ್ಕಾಕ್ಕೆ ಹೋಗಿ ಹಜ್‌ಗಿಂತ ಚಿಕ್ಕ ಯಾತ್ರೆಯಾದ ಉಮ್ರಾ ಮಾಡಬೇಕು. ಈಗ ಗಂಡಸರು ಜೊತೆಗಿಲ್ಲದೆ ಹೆಂಗಸರು ಗುಂಪಿನಲ್ಲಿ ಹೋಗಬಹುದು ಅಂತ ಆದಮೇಲೆ ಇಬ್ಬರೂ ಕೂಡಿಟ್ಟ ದುಡ್ಡೆಲ್ಲ ತೆಗೆದು ಹುಬ್ಬಳ್ಳಿಯ ಮಶಾಕಸಾಬನ ಹತ್ತಿರ ಹೆಸರು ಹಚ್ಚಿದರು. ಮಶಾಕಸಾಬ ವರ್ಷಕ್ಕೆ ನಾಲ್ಕೈದು ಗುಂಪು ಕರೆದುಕೊಂಡು ಹೋಗುವ ಏಜೆಂಟ. ಎಲ್ಲವನ್ನೂ ಬಿಡಿಸಿ ಹೇಳಿದ.

"ವಿಮಾನ, ರೂಮು, ಊಟ, ಬಸ್ಸು ಎಲ್ಲಾ ನಮ್ಮ ಜವಾಬ್ದಾರಿರಿ. ಕೈಖರ್ಚಿನ ರಿಯಾಲ ನೀವ ಮಾಡ್ಕೊಳ್ಳಬೇಕು. ಇನ್ನ ಈ ಅಮ್ಮಾರ ಕಾಲು ನೋಡಿದ್ರ ವ್ಹೀಲ್‌ಚೇರ್ ಬೇಕಾಕ್ಕೈತಿ. ಕುರ್ಚಿ ಹೊಟೇಲಿನ್ಯಾಗ ಸಿಗತೈತಿ, ನೂಕವ್ರು ಪುಕ್ಕಟೆ ಸಿಗೂದಿಲ್ಲ. ಅಲ್ಲಿ ಲೈಸೆನ್ಸ್ ಇದ್ದವ್ರು ಇರ್ತಾರ, ಮೂರನೂರು ರಿಯಾಲ ಹಿಡೀರಿ. ಲೈಸೆನ್ಸ್ ಇಲ್ಲದವ್ರನ್ನ ಹಿಡಕೊಂಡು ಹೋಗಬ್ಯಾಡ್ರಿ, ಪೊಲೀಸರು ಎತ್ತಾಕ್ಕೊಂಡು ಹೋಗ್ತಾರ."

ಜಮೀಲಾಬಿ ಮನೆಗೆ ಬಂದವಳೇ ಪೆಟ್ಟಿಗೆಯಿಂದ ಕರವಸ್ತ್ರದ ಗಂಟು ತೆಗೆದು ಜುಲೇಖಾಬಿಯ ಉಡಿಗೆ ಹಾಕಿದಳು. ಇಪ್ಪತ್ತೈದು ಸಾವಿರ. "ನೀನ ಮಾಡವಾ. ಇದ್ರಾಗ ನನಗೇನ್ ತಿಳೀತೈತಿ," ಅಂದಳು. ಜುಲೇಖಾಬಿ ತನ್ನ ಇಪ್ಪತ್ತೈದನ್ನೂ ಅದಕ್ಕೆ ಕೂಡಿಸಿ, ಅಗ್ಗದ ರಿಯಾಲು ಹುಡುಕಲು ಸೆರಗು ಬಿಗಿದು ನಿಂತಳು.

ಮೊದಲು ಹೋದದ್ದು ಊರಿನ ಬ್ಯಾಂಕಿಗೆ. ಅಲ್ಲಿ ಭಾವನಾ ಅಂತ ಒಬ್ಬ ಹುಡುಗಿ, ಅಣ್ಣಿಗೇರಿಯಿಂದ ದಿನಾ ಬಸ್ಸಿಗೆ ಬರುವ ಆಫೀಸರು. ಪಾಪ, ಗಿರಾಕಿಗಳ ಸಾಲು ಬಿಟ್ಟು ಹಾಳೆಯ ಮೇಲೆ ಬರೆದು ತೋರಿಸಿದಳು.

"ಕಾರ್ಡಿನ್ಯಾಗ ತುಂಬಿಸಿ ಕೊಡ್ತೀವ್ರಿ ಅಮ್ಮಾರ. ಹುಬ್ಬಳ್ಳಿ ಶಾಖೆಯಿಂದ ತರಸಬೇಕು, ನಾಕು ದಿನಾ ಹಿಡೀತದ. ಇವತ್ತಿನ ದರಾ ಇಪ್ಪತ್ನಾಕು ತೊಂಬತ್ತು, ಮ್ಯಾಲೆ ಸ್ವಲ್ಪ ಫೀ. ಹುಬ್ಬಳ್ಳ್ಯಾಗ ರೊಕ್ಕ ಬದಲಿ ಮಾಡೋ ಅಂಗಡಿಯವ್ರನ್ನೂ ಕೇಳ್ರಿ. ಆದ್ರ ಬರೇ ದರಾ ಕೇಳಬ್ಯಾಡ್ರಿ, ಸಾವಿರ ರಿಯಾಲಿಗೆ ಎಲ್ಲಾ ಹಿಡಿದು ಎಷ್ಟ ರೂಪಾಯಿ ಅಂತ ಕೇಳ್ರಿ. ವಿಮಾನ ನಿಲ್ದಾಣದಾಗ ಮಾತ್ರ ಬದಲಿ ಮಾಡ್ಸಬ್ಯಾಡ್ರಿ, ಅಗದಿ ತುಟ್ಟಿ."

ಒಳ್ಳೆಯ ಮಾತು. ಇನ್ನೊಬ್ಬರಾಗಿದ್ದರೆ ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಹುಬ್ಬಳ್ಳಿಯಲ್ಲಿ ಎರಡು ಅಂಗಡಿ ತಿರುಗಿ ಕೆಲಸ ಮುಗಿಸುತ್ತಿದ್ದರು. ಜುಲೇಖಾಬಿ ಮಾತ್ರ ನಕ್ಕಳು. ಅವಳ ತಮ್ಮನ ಮಗ ಶಾಹಿದ್ ಆರು ವರ್ಷದಿಂದ ಮಕ್ಕಾದಲ್ಲಿಯೇ ಇದ್ದ, ನೀರಿನ ಬಾಟಲಿ ಸಾಗಿಸುವ ಕಂಪನಿಯಲ್ಲಿ ಕೆಲಸ. ತಮ್ಮ ಸತ್ತು ನಾಲ್ಕು ವರ್ಷ. ಅವನ ಹೆಂಡತಿ ಶಗುಫ್ತಾ ಮೊರಬದಲ್ಲಿ ಮಗಳು ರುಬಿಯಾಳನ್ನು ಓದಿಸಿಕೊಂಡು, ಮಗ ಕಳಿಸುವ ದುಡ್ಡಿನ ಮೇಲೆ ಇದ್ದಳು.

"ನಮ್ಮ ಹುಡುಗ ಅಲ್ಲೇ ಅದಾನಲ್ಲ ಮೇಡಂ," ಅಂದಳು ಜುಲೇಖಾಬಿ. "ಇಲ್ಲಿ ಅವರವ್ವನ ಕೈಯಾಗ ರೂಪಾಯಿ ಕೊಟ್ಟರಾತು, ಅಲ್ಲಿ ಅಂವ ನನ್ನ ಕೈಯಾಗ ರಿಯಾಲ ಕೊಡ್ತಾನ. ನಿಮ್ಮ ಫೀ ಇಲ್ಲ, ಏನಿಲ್ಲ."

"ಹಂಗ ಕೊಟ್ಟು ತಗೊಳ್ಳೂದು ಕಾಯ್ದೆ ಒಪ್ಪೂದಿಲ್ರಿ. ನಾಳೆ ಹೆಚ್ಚುಕಡಿಮಿ ಆದ್ರ ಕೇಳಾಕ ಒಂದು ರಸೀದಿನೂ ಇರೂದಿಲ್ಲ."

"ರಕ್ತಸಂಬಂಧಕ್ಕ ರಸೀದಿ ಯಾರ್ ಕೊಡ್ತಾರ?"

ಭಾವನಾ ಮುಂದಿನ ಗಿರಾಕಿಯನ್ನು ಕರೆದಳು.

ಅಂದೇ ಸಂಜೆ ಶಾಹಿದ್‌ನ ಜೊತೆ ಫೋನಿನಲ್ಲಿ ಚೌಕಾಶಿ ನಡೆಯಿತು. ಅವನು ಇಪ್ಪತ್ಮೂರು ಎಂಬತ್ತು ಅಂದ. ಮನೆಗೆ ಕಳಿಸುವಾಗ ನಿನಗೆ ಸಿಗುವುದು ಎಷ್ಟು, ಫೀ ಎಷ್ಟು ಕತ್ತರಿಸುತ್ತಾರೆ ಅಂತ ಕೆದಕಿ ಕೆದಕಿ ಕೇಳಿ ಜುಲೇಖಾಬಿ ಅವನನ್ನು ಇಪ್ಪತ್ಮೂರು ನಲವತ್ತಕ್ಕೆ ತಂದು ನಿಲ್ಲಿಸಿದಳು. ಅವನು ಬೇಗ ಒಪ್ಪಿಬಿಟ್ಟ. ಫುಪ್ಪಿ, ತಂದೆಯ ಅಕ್ಕ, ಅನ್ನುವ ಮರ್ಯಾದೆಗೆ ಒಪ್ಪಿದ ಅಂತ ಇವಳು ತಿಳಿದಳು. ದುಡ್ಡು ಮಾತ್ರ ನಾಳೆಯೇ ಅವ್ವನಿಗೆ ಮುಟ್ಟಬೇಕು ಅಂತ ಎರಡೆರಡು ಸಲ ಹೇಳಿದ. ಇಷ್ಟು ಅವಸರ ಯಾಕೆ ಅಂತ ಚೌಕಾಶಿಯಲ್ಲಿ ಗೆದ್ದವಳಿಗೆ ಹೊಳೆಯಲಿಲ್ಲ.

ಮರುದಿನ ಮೊರಬದ ಬಸ್ಸು ಹಿಡಿದಳು. ಉಮ್ರಾಕ್ಕೆ ಹೋಗುವವರು ಬಂಧುಬಳಗದವರ ಮನೆಮನೆಗೆ ಹೋಗಿ, ಅಂದಿದ್ದು ಆಡಿದ್ದು ಮಾಫ್ ಮಾಡಿರಿ ಅಂತ ಕೇಳಿಕೊಂಡು ಬರುವ ಪದ್ಧತಿ ಉಂಟಲ್ಲ, ಒಂದೇ ಬಸ್ ಚಾರ್ಜಿನಲ್ಲಿ ಅದೂ ಆದಂತಾಯಿತು. ಎಂಟು ಮನೆಗೆ ಹೋದಳು. ಎಂಟೂ ಮನೆಯಲ್ಲಿ ಕೈಜೋಡಿಸಿ ಮಾಫಿ ಕೇಳಿದಳು, ಎಂಟೂ ಮನೆಯಲ್ಲಿ ರಿಯಾಲಿನ ದರ ಹೇಳಿದಳು. ಮಂದಿ ಇಪ್ಪತ್ತೈದು ಕೊಡ್ತಾರ, ನನಗ ಇಪ್ಪತ್ಮೂರು ನಲವತ್ತು. ಕೊನೆಗೆ ಶಗುಫ್ತಾಳ ಮನೆಯಲ್ಲಿ ಐವತ್ತು ಸಾವಿರ ಎಣಿಸಿ ಕೊಟ್ಟು, ಚಾ ಕುಡಿದು ಬಂದಳು. ಮೂರು ಸಾವಿರದ ಮೇಲೆ ಉಳಿಯಿತು ಅಂತ ಜಮೀಲಾಬಿಗೆ ಲೆಕ್ಕ ಒಪ್ಪಿಸಿದಳು. ಜಮೀಲಾಬಿ ತಲೆಯಾಡಿಸಿದಳು.

ವಿಮಾನ ಹತ್ತುವ ಮುಂಚೆ ಗುಂಪಿನವರೆಲ್ಲ ಇಹ್ರಾಮ್ ಕಟ್ಟಿದರು. ಹಾಗಂದರೆ ವ್ರತ ಹಿಡಿದ ಹಾಗೆ. ಉಮ್ರಾ ಮುಗಿಸುವವರೆಗೆ ಸುಗಂಧದ ಸೋಪು ಇಲ್ಲ, ಅತ್ತರು ಇಲ್ಲ, ಒಂದು ಕೂದಲು ಉದುರಿದರೂ ಮನಸ್ಸಿಗೆ ಕಸಿವಿಸಿ. ಮಕ್ಕಾ ಮುಟ್ಟಿದ ದಿನವೇ ಉಳಿದ ಮೂವತ್ತು ಮಂದಿಯೂ ಹೋಗಿ ಉಮ್ರಾ ಮುಗಿಸಿ, ಸ್ನಾನ ಮಾಡಿ, ಮಲಗಿದರು. ಜಮೀಲಾಬಿ ಮಾತ್ರ ರೂಮಿನಲ್ಲಿ ಮಂಚದ ಮೇಲೆ ಕೂತು ರಿಯಾಲಿನ ದಾರಿ ಕಾಯ್ದಳು. ಅವಳನ್ನು ಬಿಟ್ಟು ಹೋಗಲು ಮನಸ್ಸಾಗದೆ ಜುಲೇಖಾಬಿಯೂ ಹೋಗಲಿಲ್ಲ. ಶಾಹಿದ್ ಫೋನಿನಲ್ಲಿ "ಇವತ್ತ ಡ್ಯೂಟಿ ಐತ್ರಿ ಫುಪ್ಪಿ, ನಾಳೆ ಬರ್ತೀನಿ," ಅಂದ. ಮರುದಿನವೂ ಅದನ್ನೇ ಅಂದ. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ.

ಜುಲೇಖಾಬಿಯ ಹತ್ತಿರ ಉಳಿದದ್ದು ಎರಡು ಸಾವಿರ ರೂಪಾಯಿ. ಅದನ್ನು ಹೊಟೇಲಿನ ಎದುರಿನ ಅಂಗಡಿಯಲ್ಲಿ ಕೊಟ್ಟರೆ ಎಪ್ಪತ್ತು ರಿಯಾಲು ಕೈಗೆ ಇಟ್ಟರು. ಲೆಕ್ಕ ಹಾಕಿದರೆ ರಿಯಾಲಿಗೆ ಇಪ್ಪತ್ತೆಂಟರ ಮೇಲೆ ಬಿತ್ತು. ಕುರ್ಚಿ ನೂಕುವವರ ಕೂಲಿಯ ಕಾಲು ಭಾಗಕ್ಕೂ ಅದು ಸಾಲುತ್ತಿರಲಿಲ್ಲ.

"ಆ ಮಶಾಕಸಾಬನ ಕಡೆ ಇಸಕೊಳ್ಳೂಣೇನು?" ಅಂದಳು ಜಮೀಲಾಬಿ ಎರಡನೇ ದಿನ. ತಲೆ ಬಾಚದೆ ಅವಳ ಹಣೆಯ ಮೇಲಿನ ಬಿಳಿಗೂದಲು ಅಂಟಿಕೊಂಡಿತ್ತು. "ಊರಿಗೆ ಹೋದಮ್ಯಾಲೆ ಕೊಡೂಣು."

"ಬ್ಯಾಡ. ಹುಡುಗ ತರಾಕತ್ತಾನ."

ಮಶಾಕಸಾಬನೂ ತಾನಾಗಿ ಬಂದು ಕೇಳಿದ, ಮುನ್ನೂರು ರಿಯಾಲು ಕೊಡಲೇನು ಅಂತ. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಇದೇ ಮಶಾಕಸಾಬನ ಮುಂದೆ, ಇದೇ ಮೂವತ್ತು ಮಂದಿಯ ಮುಂದೆ, ನಿಮಗೆಲ್ಲ ಹುಬ್ಬಳ್ಳಿಯವರು ಟೋಪಿ ಹಾಕಿದರು, ನನಗೆ ನೋಡಿರಿ ಇಪ್ಪತ್ಮೂರು ನಲವತ್ತು ಅಂತ ಎದೆ ತಟ್ಟಿಕೊಂಡವಳು ಈಗ ಯಾವ ಮುಖ ಇಟ್ಟುಕೊಂಡು ಕೈ ಚಾಚಬೇಕು? ಮುನ್ನೂರು ರಿಯಾಲಿಗಿಂತ ಆ ಮುಖವೇ ಅವಳಿಗೆ ದೊಡ್ಡದಾಯಿತು. "ಇಲ್ರಿ, ನಮ್ಮ ಹುಡುಗ ಇವತ್ತ ಬರ್ತಾನ," ಅಂದಳು.

ಮೂರನೇ ದಿನ ಮಧ್ಯಾಹ್ನ ಶಾಹಿದ್ ಬಂದ. ಮೇಲೆ ಬರಲಿಲ್ಲ, ಹೊಟೇಲಿನ ಹಿಂದೆ, ಜ್ಯೂಸ್ ಅಂಗಡಿಯ ಬಾಜು ನಿಂತು ಫೋನ್ ಮಾಡಿದ. ಜುಲೇಖಾಬಿ ಒಬ್ಬಳೇ ಇಳಿದು ಹೋದಳು. ಫೋಟೋದಲ್ಲಿ ನೋಡಿದ ಹುಡುಗ ಅಲ್ಲಿರಲಿಲ್ಲ. ಗಲ್ಲದ ಎಲುಬು ಎದ್ದು ಕಾಣುತ್ತಿದ್ದ, ಸವೆದ ಹವಾಯಿ ಚಪ್ಪಲಿ ಹಾಕಿದ್ದ ಒಬ್ಬ ಕರ್ರನೆಯ ಗಂಡಸು ಅಲ್ಲಿ ನಿಂತಿದ್ದ. ಬೆವರಿನಿಂದ ಒದ್ದೆಯಾದ ನೋಟುಗಳನ್ನು ಅವಳ ಕೈಗೆ ಇಟ್ಟ. ನೂರಾ ಹತ್ತು ರಿಯಾಲು.

"ಉಳಿದದ್ದು?"

"ಇಷ್ಟ ಐತ್ರಿ ಫುಪ್ಪಿ."

"ಎರಡು ಸಾವಿರದ ಮ್ಯಾಲೆ ಬರಬೇಕು ನನಗ. ಐವತ್ತು ಸಾವಿರ ಎಣಿಸಿ ಕೊಟ್ಟು ಬಂದೇನಿ."

"ಕಂಪನಿ ಮುಚ್ಚಿ ಏಳು ತಿಂಗಳಾತು. ಐದು ತಿಂಗಳ ಪಗಾರ ಬರಬೇಕು, ಕೊಡ್ತೀವಂತ ಹೇಳಿಕೋತ ಹೊಂಟಾರ. ಬಂದ್ರ ನಿಮಗ ಕೊಡಬೇಕಂತ ಮಾಡಿದ್ದೆ. ಈಗ ಒಂದು ಖಾನಾವಳ್ಯಾಗ ಭಾಂಡಿ ತಿಕ್ಕಾಕತ್ತೀನಿ. ಇಕಾಮಾ ಮುಗಿದುಹೋಗೈತಿ." ಇಕಾಮಾ ಅಂದರೆ ಆ ದೇಶದಲ್ಲಿ ಇರಲು ಕೊಡುವ ಕಾರ್ಡು, ಅದು ಮುಗಿದವನು ಸಿಕ್ಕಿಬಿದ್ದರೆ ಜೈಲು, ಆಮೇಲೆ ಊರು, ಮತ್ತೆ ಆ ಕಡೆ ಕಾಲಿಡುವ ಹಾಗಿಲ್ಲ. ಅದು ಜುಲೇಖಾಬಿಗೂ ಗೊತ್ತಿತ್ತು.

"ಇಷ್ಟೆಲ್ಲಾ ಇಟ್ಕೊಂಡು ಹೂಂ ಅಂತ ಹೆಂಗ ಅಂದ್ಯೋ ನೀನು?"

"ರುಬಿಯಾನ ನರ್ಸಿಂಗ್ ಕಾಲೇಜಿನ ಫೀಗೆ ಮರುದಿನ ಕಡೀ ದಿನ ಇತ್ತು." ಅವನು ತಲೆ ಎತ್ತಲಿಲ್ಲ. "ಅವ್ವಗ ಏನೂ ಗೊತ್ತಿಲ್ಲ. ಹೇಳಬ್ಯಾಡ್ರಿ."

ಜುಲೇಖಾಬಿಗೆ ಮರುಕ ಹುಟ್ಟಲಿಲ್ಲ ಅಂತಲ್ಲ. ಹುಟ್ಟಿತು, ಆದರೆ ಅದಕ್ಕಿಂತ ಮುಂಚೆ ಸಿಟ್ಟು ಬಂದಿತ್ತು. ಮೋಸ ಹೋದೆ ಅನ್ನುವ ಸಿಟ್ಟಿಗಿಂತ, ಮೋಸ ಹೋದದ್ದು ಈಗ ಎಲ್ಲರಿಗೂ ಗೊತ್ತಾಗುತ್ತದೆ ಅನ್ನುವ ಸಿಟ್ಟು. ಮೇಲೆ ಮಂಚದ ಮೇಲೆ ಮೂರು ದಿನದಿಂದ ತಲೆ ಬಾಚದೆ ಕೂತ ಹೆಂಗಸಿಗೆ ಏನು ಹೇಳುವುದು? ಇಪ್ಪತ್ತೈದು ಸಾವಿರ ನನ್ನ ಜಾಣತನಕ್ಕೆ ಹೋಯಿತು ಅನ್ನುವುದೇ?

"ರೊಕ್ಕ ಇಲ್ಲದಿದ್ರ ಕೈಯರೆ ಅದಾವಲ್ಲ," ಅಂದಳು. "ನಾಳೆ ನಸುಕಿನ್ಯಾಗ ಫಜರಿನ ನಮಾಜ್ ಆದಮ್ಯಾಲೆ ಬಾ. ಆಕಿ ಕುರ್ಚಿ ನೀನ ನೂಕು."

ಶಾಹಿದ್ ಬೆಚ್ಚಿದ. "ಫುಪ್ಪಿ, ಅಲ್ಲಿ ಹೆಜ್ಜಿಗೊಬ್ಬರು ಪೊಲೀಸರು ಇರ್ತಾರ."

"ಮಂದಿ ತಮ್ಮವರ ಕುರ್ಚಿ ತಾವ ನೂಕೂದಿಲ್ಲೇನು?"

"ನೂಕ್ತಾರ. ಮನಿಮಂದಿ ಅಂದ್ರ ಹೆಚ್ಚು ಕೇಳೂದಿಲ್ಲ. ಬಾಡಿಗಿಗೆ ನೂಕವ್ರನ್ನ ಹಿಡದು ಕಾರ್ಡು ಕೇಳ್ತಾರ. ಯಾರರೆ ಕೇಳಿದ್ರ ನನ್ನ ತಮ್ಮನ ಮಗ ಅಂತ ಒಂದು ಮಾತು ಹೇಳ್ರಿ, ಸಾಕು."

"ಆತು, ಹೇಳ್ತೀನಿ. ಬಾ."

ಮೇಲೆ ಹತ್ತಿ ಬರುವಷ್ಟರಲ್ಲಿ ಅವಳ ಮನಸ್ಸು ಇನ್ನೊಂದು ನೇಯ್ಗೆ ನೇಯ್ದಾಗಿತ್ತು. "ರಿಯಾಲ ಬಂದವು ಜಮೀಲಾ," ಅಂದಳು ಬಾಗಿಲಲ್ಲೇ. "ಶಾಹಿದ್ ಕೊಟ್ಟು ಹೋದ. ಡ್ಯೂಟಿ ಇತ್ತಂತ, ಮ್ಯಾಲೆ ಬರಲಿಲ್ಲ. ನಾಳೆ ಮುಂಜಾನೆ ಕುರ್ಚಿ ನೂಕಾಂವನ್ನ ಗೊತ್ತು ಮಾಡೇನಿ." ಮಾತಿಗೆ ಸಾಕ್ಷಿ ಬೇಕಲ್ಲ, ಐವತ್ತು ರಿಯಾಲಿನ ಒಂದು ನೋಟು ತೆಗೆದು ಜಮೀಲಾಬಿಯ ಅಂಗೈಯಲ್ಲಿಟ್ಟಳು. "ಇದು ನಿನ್ನ ಕೈಖರ್ಚಿಗೆ. ಉಳಿದದ್ದು ನನ್ನ ಕಡೆ ಇರಲಿ." ಜಮೀಲಾಬಿ ನೋಟನ್ನು ಕಣ್ಣಿಗೊತ್ತಿಕೊಂಡು, "ಹುಡುಗ ಮಾತಿಗೆ ತಪ್ಪಲಿಲ್ಲ ನೋಡು," ಅಂದಳು. ಅವಳು ಶಾಹಿದನನ್ನು ನೋಡಿದ್ದು ಅವನ ಖತ್ನಾ, ಅಂದರೆ ಸುನ್ನತಿಯ ಊಟಕ್ಕೆ ಮೊರಬಕ್ಕೆ ಹೋದಾಗ. ಆಗ ಅವನಿಗೆ ಐದು ವರ್ಷ. ಎದುರಿಗೆ ಬಂದು ನಿಂತರೂ ಗುರುತು ಸಿಗುವ ಭಯವಿರಲಿಲ್ಲ. ಬೆಳಿಗ್ಗೆ ಶಾಹಿದನಿಗೂ ಮೊದಲೇ ತಾಕೀತು ಮಾಡಿದಳು: ಅವಳ ಮುಂದೆ ನನ್ನನ್ನು ಫುಪ್ಪಿ ಅನ್ನಬೇಡ.

ಹುಡುಗ ಚೆನ್ನಾಗಿ ನೂಕಿದ. ಮೊದಲು ಕಾಬಾಕ್ಕೆ ಏಳು ಸುತ್ತು, ಕುರ್ಚಿಯವರಿಗೆ ಮಸೀದಿಯ ಮೇಲಿನ ಮಹಡಿ. ಅಲ್ಲಿ ಒಂದೊಂದು ಸುತ್ತೂ ಊರು ಸುತ್ತಿದಷ್ಟು ದೂರ. ಏಳು ಸುತ್ತು ಮುಗಿಯುವಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಕೆಳಗೆ ಕಾಬಾ ಕಂಡಾಗಲೆಲ್ಲ ನಿಲ್ಲಿಸಿ, ಜಮೀಲಾಬಿ ಬೇಡಿಕೊಳ್ಳುವವರೆಗೆ ಕಾಯುತ್ತಿದ್ದ. ಅವಳು ಹನಿಗಣ್ಣಾಗಿ ನಗುತ್ತಿದ್ದಳು. ಮೂವತ್ತೊಂದು ವರ್ಷ ಬಾಜು ಕೂತರೂ ಅವಳು ಹಾಗೆ ನಕ್ಕದ್ದನ್ನು ಜುಲೇಖಾಬಿ ಕಂಡಿರಲಿಲ್ಲ. ಎಲ್ಲ ಸುಸೂತ್ರವಾಯಿತು, ಯಾರಿಗೂ ಏನೂ ತಿಳಿಯಲಿಲ್ಲ ಅಂತ ಅವಳು ಒಳಗೊಳಗೆ ಬೆನ್ನು ತಟ್ಟಿಕೊಳ್ಳುತ್ತಿದ್ದಳು ಕೂಡ.

ಆಮೇಲೆ ಸಫಾ ಮರ್ವಾ ಗುಡ್ಡಗಳ ನಡುವೆ ಅತ್ತಿಂದಿತ್ತ ಏಳು ಸಲ ನಡೆಯುವುದು, ಒಂದು ತುದಿ ಮುಟ್ಟಿದರೆ ಒಂದು ಲೆಕ್ಕ. ಐದು ಮುಗಿದವು. ಮರ್ವಾದ ತುದಿಯಲ್ಲಿ ಶಾಹಿದ್ ದಮ್ಮು ತೆಗೆದುಕೊಳ್ಳಲು ನಿಂತಾಗ ಜಮೀಲಾಬಿ ಸೆರಗಿನ ಗಂಟು ಬಿಚ್ಚಿ ಆ ಐವತ್ತರ ನೋಟು ತೆಗೆದಳು.

"ಬಾಡಿಗಿ ಏನೈತೋ ಅದನ್ನ ಇಕಿ ಕೊಡ್ತಾಳ. ಇದು ನನ್ನ ಖುಷಿದು. ಹಿಡಿ ಮಗನ."

"ಬ್ಯಾಡ್ರಿ ಖಾಲಾ," ಅಂದ ಶಾಹಿದ್, ತಾಯಿಯ ತಂಗಿಯನ್ನು ಕರೆಯುವ ಹಾಗೆ. ಅಲ್ಲಿಯವರೆಗೆ ಮಾತೇ ಆಡದಿದ್ದವನು ಕನ್ನಡದಲ್ಲಿ ಅಂದದ್ದು ಕೇಳಿ ಅವಳಿಗೆ ಇನ್ನೂ ಹಿಗ್ಗು. ನಮ್ಮ ಕಡೆಯಾಂವ! ಇನ್ನು ಬಿಡುತ್ತಾಳೆಯೇ? ನಮ್ಮಲ್ಲಿ ಕೊಡುವುದಕ್ಕೂ ಒಂದು ಶಾಸ್ತ್ರ ಉಂಟು. ಕೊಡುವವರು ಕಿಸೆಗೆ ತುರುಕಬೇಕು, ತೆಗೆದುಕೊಳ್ಳುವವರು ಒಲ್ಲೆ ಅಂತ ಕೈ ಹಿಡಿಯಬೇಕು, ಮತ್ತೆ ತುರುಕಬೇಕು, ಮತ್ತೆ ತಳ್ಳಬೇಕು. ಮೂರು ಸಲವಾದರೂ ಹೀಗೆ ಜಗ್ಗಾಡದಿದ್ದರೆ ಕೊಟ್ಟವರಿಗೂ ಸಮಾಧಾನವಿಲ್ಲ, ತೆಗೆದುಕೊಂಡವರಿಗೂ ಮಾನವಿಲ್ಲ. ಶಾಹಿದ್ ನಿಜವಾಗಿಯೇ ಬೇಡ ಅನ್ನುತ್ತಿದ್ದ, ಹೆದರಿಕೊಂಡು ಅತ್ತ ಇತ್ತ ನೋಡುತ್ತಿದ್ದ. ಜಮೀಲಾಬಿ ಅದನ್ನು ಶಾಸ್ತ್ರದ ಬೇಡ ಅಂತಲೇ ತಿಳಿದಳು. ಕುರ್ಚಿಯಿಂದ ಅರ್ಧ ಎದ್ದು ಅವನ ಅಂಗಿಯ ಕಿಸೆ ಹಿಡಿದು ಜಗ್ಗಿದಳು. ಮಾತಿಗೆ ಮಾತು ಬೆಳೆಯಿತು, ನೋಟು ನಾಲ್ಕು ಸಲ ಅತ್ತಿತ್ತ ಹೋಯಿತು. ಆ ದೇಶದ ಪೊಲೀಸನಿಗೆ ಈ ಶಾಸ್ತ್ರ ಹೇಗೆ ಗೊತ್ತಾಗಬೇಕು? ಅವನ ಕಣ್ಣಿಗೆ ಮುದುಕಿಯೊಬ್ಬಳ ಹತ್ತಿರ ದುಡ್ಡಿಗೆ ಜಗಳ ತೆಗೆದ ನೂಕುವವನು ಕಂಡ.

ಇನ್ನೂ ಮೀಸೆ ಬಲಿಯದ ಪೊಲೀಸ ಅವನು, ಮುರುಕು ಉರ್ದು ಬಲ್ಲವನು. ಶಾಹಿದನ ಮುಂಗೈ ಹಿಡಿದುಕೊಂಡು ಜಮೀಲಾಬಿಯನ್ನು ಕೇಳಿದ, ಇವನು ಯಾರು, ಎಷ್ಟು ದುಡ್ಡು ಕೇಳಿದ ಅಂತ.

"ಅಂವ ಕೇಳಲಿಲ್ಲಪ್ಪ, ನಾನ ಕೊಟ್ಟೆ," ಅಂದಳು ಜಮೀಲಾಬಿ ಉರ್ದುವಿನಲ್ಲಿ. ಸುಳ್ಳು ಗೊತ್ತಿಲ್ಲದ ಹೆಂಗಸು, ಹುಡುಗನಿಗೆ ಒಳ್ಳೆಯದಾಗಲಿ ಅಂತಲೇ ಇನ್ನೂ ಒಂದು ಮಾತು ಸೇರಿಸಿದಳು. "ಬಾಡಿಗಿಯಾಂವ, ಪಾಪ. ಭಾಳ ಛಲೋ ನೂಕ್ಯಾನ."

ಪೊಲೀಸ ಜುಲೇಖಾಬಿಯ ಕಡೆ ತಿರುಗಿದ. ಇವನು ನಿಮ್ಮವನೇ?

ಶಾಹಿದ್ ಅವಳನ್ನೇ ನೋಡುತ್ತಿದ್ದ. ಬಾಯಿ ಬಿಡಲಿಲ್ಲ, ಬಿಡಬೇಡ ಅಂದವಳು ಅವಳೇ ತಾನೆ. ಜುಲೇಖಾಬಿ ಹೇಳಬೇಕಾಗಿದ್ದದ್ದು ಒಂದೇ ಮಾತು: ಹೌದು, ನನ್ನ ತಮ್ಮನ ಮಗ. ಆದರೆ ಆ ಮಾತನ್ನು ಪೊಲೀಸ ಒಬ್ಬನೇ ಕೇಳುವುದಿಲ್ಲ, ಮೊಳದ ದೂರದಲ್ಲಿ ಜಮೀಲಾಬಿಯೂ ಕೇಳುತ್ತಾಳೆ. ರಿಯಾಲು ಬಂದವು ಅಂದದ್ದು ಸುಳ್ಳು, ಬಾಡಿಗೆಯವ ಅಂದದ್ದು ಸುಳ್ಳು, ಮೂರು ದಿನ ಅವಳನ್ನು ರೂಮಿನಲ್ಲಿ ಕೂರಿಸಿದ್ದು ಬರೀ ಬಡಾಯಿಗೆ ಅಂತ ಅಲ್ಲೇ ಬಯಲಾಗುತ್ತದೆ. ಜೀವಮಾನದ ಚೌಕಾಶಿಯ ಹೆಂಗಸು, ಅಲ್ಲಿ ನಿಂತೂ ಯಾವುದು ಅಗ್ಗ ಅಂತಲೇ ನೋಡಿದಳು.

"ನನಗ ಗೊತ್ತಿಲ್ಲ," ಅಂದಳು.

ಶಾಹಿದ್ ಬಗ್ಗಿ ಕುರ್ಚಿಯ ಬ್ರೇಕು ಹಾಕಿದ, ಅದು ಇಳಿಜಾರಿನಲ್ಲಿ ಇತ್ತು. ಆಮೇಲೆ ಪೊಲೀಸನ ಜೊತೆ ಹೋದ.

ಉಳಿದ ಎರಡು ಸಲದ ದಾರಿಯನ್ನು ಜುಲೇಖಾಬಿಯೇ ನೂಕಿದಳು. ತೋಳು ಸೋತವು, ದಮ್ಮು ಕಟ್ಟಿತು, ಆದರೂ ಮುಗಿಯಿತು. ಅಂದರೆ ಬೇಕಾಗಿದ್ದರೆ ಮೊದಲ ದಿನವೇ ತಾನೇ ನೂಕಬಹುದಾಗಿತ್ತು ಅನ್ನುವುದೂ ಆಗಲೇ ತಿಳಿಯಿತು. ಕುರ್ಚಿಯಲ್ಲಿ ಜಮೀಲಾಬಿ ದಾರಿಯುದ್ದಕ್ಕೂ ಅಳುತ್ತ, ತನ್ನದೆಲ್ಲ ಬಿಟ್ಟು ಅವನಿಗಾಗಿಯೇ ದುವಾ ಮಾಡಿದಳು. "ಯಾ ಅಲ್ಲಾ, ಯಾರ ಮಗನೋ ಏನೋ, ನನ್ನ ಐವತ್ತು ರಿಯಾಲಿನಿಂದ ಸಿಕ್ಕೊಂಡ. ಅವನ್ನ ಅವರವ್ವನ ಕಡೆ ಲಗೂನ ಮುಟ್ಟಸು." ಹಿಂದೆ ನೂಕುತ್ತಿದ್ದವಳಿಗೆ ಆಮೀನ್ ಅನ್ನಲು ನಾಲಿಗೆ ಏಳಲಿಲ್ಲ.

ದುವಾ ಖಬೂಲಾಯಿತು, ಬೇಡಿದ್ದು ನಡೆಯಿತು. ತಿಂಗಳು ತುಂಬುವುದರೊಳಗೆ ಶಾಹಿದ್ ಮೈಮೇಲಿನ ಬಟ್ಟೆಯಲ್ಲಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಮೊರಬದಲ್ಲಿ ಬಸ್ಸಿಳಿದ. ಅದಕ್ಕೆ ಮುಂಚೆ ಮಗನ ಫೋನು ಹತ್ತುತ್ತಿಲ್ಲ ಅಂತ ಶಗುಫ್ತಾ ದಿನಕ್ಕೆರಡು ಸಲ ಜುಲೇಖಾಬಿಗೆ ಫೋನ್ ಮಾಡಿ ಗೋಳಾಡುತ್ತಿದ್ದಳು. "ಅಲ್ಲಿ ನೆಟ್‌ವರ್ಕ್ ಹಂಗ ಬೇ," ಅಂತ ಇವಳು ಪ್ರತಿ ಸಲವೂ ಹೇಳಿದಳು. ಮನೆಗೆ ಬಂದವರಿಗೆ ಖಜೂರ, ಮಕ್ಕಾದ ಝಮ್‌ಝಮ್ ಬಾವಿಯ ನೀರು ಕೊಡುತ್ತ ಉಮ್ರಾದ ಕತೆ ಹೇಳಬೇಕಾಗುತ್ತಿತ್ತು. ರಿಯಾಲು ಕೊನೆಗೆ ಎಷ್ಟಕ್ಕೆ ಬಿತ್ತು ಅಂತ ಯಾರಾದರೂ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದಳು.

ಶಾಹಿದ್ ಬಂದ ಐದನೇ ದಿನ ಶಗುಫ್ತಾ ಅವನನ್ನು ಕರೆದುಕೊಂಡು ನವಲಗುಂದಕ್ಕೆ ಬಂದಳು. ಮುನ್ಸೂಚನೆ ಕೊಟ್ಟಿರಲಿಲ್ಲ. ಜುಲೇಖಾಬಿಯ ಪಡಸಾಲೆಯಲ್ಲಿ ಆ ಹೊತ್ತಿಗೆ ಜಮೀಲಾಬಿ ಗೋಡೆಗೊರಗಿ ಕಾಲು ಚಾಚಿಕೊಂಡು ನೂಲು ಬಿಡಿಸುತ್ತಿದ್ದಳು. ಬಾಗಿಲಲ್ಲಿ ಇಬ್ಬರನ್ನೂ ಕಂಡ ಜುಲೇಖಾಬಿ ಜಮೀಲಾಬಿಯನ್ನು ಒಳಗೆ ಕಳಿಸಲು ನೆಪ ಹುಡುಕಿದಳು, ಸಿಗಲಿಲ್ಲ. ಆ ಕಾಲಿನವಳನ್ನು ಎಬ್ಬಿಸುವಷ್ಟರಲ್ಲಿ ಅವರು ಒಳಗೆ ಬಂದಾಗಿತ್ತು.

ಶಗುಫ್ತಾ ಕೂಡುವ ಮುಂಚೆಯೇ ಸೆರಗಿನಿಂದ ನೋಟುಗಳ ಸುರುಳಿ ತೆಗೆದು ಜುಲೇಖಾಬಿಯ ಮುಂದಿಟ್ಟಳು.

"ಆಪಾ, ಇದು ಒಂಬತ್ತು ಸಾವಿರ. ಫೀ ತುಂಬಿ ಉಳಿದದ್ದು. ಅಲ್ಲಿ ನಿಮಗ ರಿಯಾಲ ಕೊಡಾಕ ಆಗಲಿಲ್ಲಂತ ನಿನ್ನೆ ಬಾಯಿ ಬಿಟ್ಟಾನ. ನನಗ ಖರೇನ ಗೊತ್ತಿದ್ದಿಲ್ಲ. ಉಳಿದದ್ದನ್ನ ಕೂಲಿ ಮಾಡಿ ತೀರಸ್ತೀನಿ. ಪರದೇಶದಾಗ ನಿಮಗ ಎಷ್ಟ ತ್ರಾಸ ಆತೋ. ಆದ್ರೂ ನೀವು ನನಗ ಒಂದು ಮಾತು ಅನ್ನಲಿಲ್ಲ." ಅವಳ ಕಣ್ಣು ತುಂಬಿ ಬಂತು. "ಹೆಂಗ ಸಿಕ್ಕ್ಯೋ ಪೊಲೀಸರಿಗೆ ಅಂತ ಕೇಳಿದ್ರ ಅದಕ್ಕ ಮಾತ್ರ ಬಾಯಿ ಬಿಡವಲ್ಲ."

ಜಮೀಲಾಬಿ ನೂಲು ಬಿಟ್ಟಿದ್ದಳು. ಶಾಹಿದನನ್ನು ನೋಡುತ್ತಿದ್ದವಳು ನಿಧಾನವಾಗಿ ಜುಲೇಖಾಬಿಯ ಕಡೆ ಮುಖ ತಿರುಗಿಸಿದಳು.

"ನೀ ಇವನ್ನ ಬಾಡಿಗಿಯಾಂವ ಅಂದಿದ್ದ್ಯಲ್ಲ ಜುಲೇಖಾ," ಅಂದಳು.

ಉತ್ತರ ಕೊಟ್ಟವನು ಶಾಹಿದ್.

"ಹೌದ್ರಿ ಖಾಲಾ, ಬಾಡಿಗಿಯಾಂವನ. ರೊಕ್ಕ ಮೊದಲ ಇಸಕೊಂಡಿದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಶಗುಫ್ತಾ ಏನೂ ತಿಳಿಯದೆ ಮೂವರ ಮುಖವನ್ನೂ ನೋಡಿದಳು. ಜಮೀಲಾಬಿ ಗೋಡೆಗೆ ಕೈಕೊಟ್ಟು ಏಳಲು ನೋಡಿದಳು. ದಿನಾ ಎಬ್ಬಿಸುವ ಹಾಗೆ ಜುಲೇಖಾಬಿ ಕೈ ಚಾಚಿದಳು. ಜಮೀಲಾಬಿ ಆ ಕೈ ಬಿಟ್ಟು ಶಾಹಿದನ ತೋಳು ಹಿಡಿದುಕೊಂಡು ಎದ್ದಳು.

"ನಡಿ ಮಗನ," ಅಂದಳು, "ಮನೀತನಕ ಬಿಡು ನನ್ನ."